ಮುಖವಾಡದೊಳಗಿನ ದನಿ: ತೆರೆಯ ಮೇಲಿನ ನಾಯಕ ಬೆದರಿಸುವುದು ಹೇಗೆ?

ಹೊಸ ನಟನೊಬ್ಬ ಬ್ಯಾಟ್‌ಮನ್‌ನ ಮುಖವಾಡ ತೊಡುತ್ತಾನೆಂಬ ಸುದ್ದಿ ಬಂದಾಗಲೆಲ್ಲ ಎರಡು ಪ್ರಶ್ನೆಗಳು ಚಿತ್ರಕ್ಕಿಂತ ಮೊದಲೇ ಜನರ ಬಾಯಿಗೆ ಬರುತ್ತವೆ. ವೇಷ ಹೇಗಿದೆ? ದನಿ ಹೇಗಿದೆ? ಕಥೆ, ನಿರ್ದೇಶನ, ಹೊಡೆದಾಟಗಳ ಮಾತೆಲ್ಲ ಆಮೇಲಿನದು. ಈ ಕುತೂಹಲವನ್ನು ಅಭಿಮಾನಿಗಳ ಚಪಲವೆಂದು ತಳ್ಳಿಹಾಕುವಂತಿಲ್ಲ. ಹಾರಲಾರದ, ಗುಂಡು ತಗುಲಿದರೆ ಸಾಯಬಲ್ಲ ಈ ನಾಯಕನಿಗೆ ಎದುರಾಳಿಯ ಹೆದರಿಕೆಯೇ ಮುಖ್ಯ ಆಯುಧ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಈ ಪಾತ್ರ ಮೊದಲು ಕಾಣಿಸಿಕೊಂಡದ್ದು 1939ರಲ್ಲಿ, ಕಾಮಿಕ್ಸ್ ಪುಸ್ತಕದ ಪುಟಗಳಲ್ಲಿ. ಅದೇ ವರ್ಷ ಪ್ರಕಟವಾದ ಅವನ ಪೂರ್ವಕಥೆಯ ಪ್ರಕಾರ, ಅವನು ಬಾವಲಿಯ ರೂಪವನ್ನು ಆರಿಸಿಕೊಳ್ಳುವುದೇ ಅಪರಾಧಿಗಳ ಎದೆಯಲ್ಲಿ ದಿಗಿಲು ಹುಟ್ಟಿಸುವುದಕ್ಕಾಗಿ. ಆದ್ದರಿಂದ ವೇಷವೂ ದನಿಯೂ ಹೆದರಿಸದಿದ್ದರೆ ಕಥೆಯ ತಳಪಾಯವೇ ಅಲುಗುತ್ತದೆ.

ಮುದ್ರಿತ ಕಾಮಿಕ್ಸ್‌ಗೆ ಈ ತೊಡಕು ಇರಲಿಲ್ಲ. ಪುಟದ ಮೇಲೆ ಮಾತುಗಳು ಅಕ್ಷರಗಳಾಗಿ ಇರುತ್ತವೆ. ಅವಕ್ಕೆ ಎಂಥ ದನಿ ಬೇಕೋ ಅಂಥದ್ದನ್ನು ಓದುಗ ತನ್ನೊಳಗೇ ಕೇಳಿಕೊಳ್ಳುತ್ತಾನೆ. ವೇಷವೂ ಹಾಗೆಯೇ: ಶಾಯಿಯಲ್ಲಿ ಬರೆದ ಕಪ್ಪು ಮೇಲುಹೊದಿಕೆ ಕಲಾವಿದನ ಇಷ್ಟದಂತೆ ರೆಕ್ಕೆಯಾಗಬಹುದು, ನೆರಳಾಗಬಹುದು, ಅರ್ಧ ಪುಟವನ್ನೇ ನುಂಗಬಹುದು. ಸಿನಿಮಾದಲ್ಲಿ ಮಾತ್ರ ನಿಜವಾದ ಮನುಷ್ಯನೊಬ್ಬ ನಿಜವಾದ ಬಟ್ಟೆ ತೊಟ್ಟು, ನಿಜವಾದ ಗಂಟಲಿನಿಂದ ಮಾತನಾಡಬೇಕು.

ಬೆಚ್ಚಿಬೀಳಿಸುವುದು ಬೇರೆ, ಬೆದರಿಸುವುದು ಬೇರೆ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಕತ್ತಲೆಯಲ್ಲಿ ಬಾಗಿಲು ಧಡ್ಡೆಂದು ಬಡಿದುಕೊಂಡರೆ ನಾವು ಬೆಚ್ಚಿಬೀಳುತ್ತೇವೆ. ಅದು ದೇಹದ ಪ್ರತಿಕ್ರಿಯೆ. ಗಾಳಿಗೆ ಬಡಿದುಕೊಂಡ ಬಾಗಿಲು ಎಂದು ತಿಳಿದೊಡನೆ ಇಳಿದುಹೋಗುತ್ತದೆ. ಬೆದರಿಕೆಯಲ್ಲಿ ಒಂದು ಲೆಕ್ಕಾಚಾರ ಅಡಗಿರುತ್ತದೆ. ಎದುರಿಗಿರುವವನು ನನಗಿಂತ ಬಲಶಾಲಿ ಎಂಬುದು ಆ ಲೆಕ್ಕದ ಒಂದು ಭಾಗ. ಅವನು ಮುಂದೆ ಏನು ಮಾಡುತ್ತಾನೆಂದು ನನಗೆ ಊಹಿಸಲಾಗುತ್ತಿಲ್ಲ ಎಂಬುದು ಇನ್ನೊಂದು. ಬರೀ ಬಲ ಕಂಡರೆ ಓಡಿಹೋಗುವ ದಾರಿಯನ್ನಾದರೂ ಯೋಚಿಸಬಹುದು. ಬಲವೂ ಇದ್ದು, ಮನಸ್ಸಿನಲ್ಲಿ ಏನಿದೆಯೆಂಬುದೂ ತಿಳಿಯದಿದ್ದಾಗ ಕಾಲು ನಿಂತಲ್ಲೇ ನಿಲ್ಲುತ್ತದೆ.

ಈ ಎರಡನ್ನು ಹಿಡಿದುಕೊಂಡರೆ ಉಳಿದ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ವೇಷವೂ ದನಿಯೂ ಒಂದು ಕಡೆ ದೇಹವನ್ನು ಇರುವುದಕ್ಕಿಂತ ದೊಡ್ಡದೆಂದು ನಂಬಿಸಬೇಕು, ಇನ್ನೊಂದು ಕಡೆ ಒಳಗಿನ ಮನಸ್ಸನ್ನು ಮರೆಮಾಚಬೇಕು.

ಮುಖ ಮರೆಯಾದಾಗ

ಎದುರಿಗೆ ಬಂದ ಮನುಷ್ಯನ ಮುಖವನ್ನು ನಾವು ಅರಿವಿಲ್ಲದೆಯೇ ಓದುತ್ತೇವೆ. ಹುಬ್ಬು, ಕೆನ್ನೆ, ತುಟಿಯ ಅಂಚು, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು. ಮನುಷ್ಯರ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಬಿಳಿಭಾಗ ಇತರ ವಾನರಗಳಿಗಿಂತ ಎದ್ದು ಕಾಣುವುದರಿಂದ, ಯಾರು ಯಾವ ಕಡೆ ನೋಡುತ್ತಿದ್ದಾರೆಂಬುದು ದೂರದಿಂದಲೂ ತಿಳಿಯುತ್ತದೆ. ಮುಖವಾಡ ಈ ಓದನ್ನೇ ಕಿತ್ತುಕೊಳ್ಳುತ್ತದೆ. ಒಳಗಿರುವವನು ಕೋಪಗೊಂಡಿದ್ದಾನೋ, ದಣಿದಿದ್ದಾನೋ, ನಮ್ಮನ್ನೇ ನೋಡುತ್ತಿದ್ದಾನೋ, ನಮ್ಮ ಹಿಂದಿರುವವನನ್ನು ನೋಡುತ್ತಿದ್ದಾನೋ ತಿಳಿಯದು. ತಿಳಿಯದ ಜಾಗವನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ, ಮತ್ತು ಹೆದರಿದ ಮನಸ್ಸು ಅಲ್ಲಿ ತುಂಬುವುದು ಕೇಡನ್ನೇ.

ಕಾಮಿಕ್ಸ್ ಕಲಾವಿದರು ಇದನ್ನು ಬಹಳ ಬೇಗ ಕಂಡುಕೊಂಡರು. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್‌ನ ಮುಖವಾಡದ ಹಿಂದೆ ಕಣ್ಣಿನ ಪಾಪೆಗಳೇ ಕಾಣುವುದಿಲ್ಲ. ಪಾಪೆಯಿಲ್ಲದಂತೆ ತೋರುವ ಹಳೆಯ ಗ್ರೀಕ್ ಶಿಲಾಮುಖಗಳಿಂದ ಆ ಯೋಚನೆ ಬಂತೆಂದು ಅವರೇ ಹೇಳಿದ್ದರು. ಬ್ಯಾಟ್‌ಮನ್‌ಗೂ ಕಾಮಿಕ್ಸ್‌ನಲ್ಲಿ ಬಿಳಿಯ ಖಾಲಿ ಕಣ್ಣುಗಳೇ ಇರುತ್ತವೆ.

ಸಿನಿಮಾದ ಮಟ್ಟಿಗೆ ಇದು ಸುಲಭವಲ್ಲ, ಏಕೆಂದರೆ ಪ್ರೇಕ್ಷಕನಿಗೆ ನಾಯಕನ ಮನಸ್ಸು ಸ್ವಲ್ಪವಾದರೂ ತಿಳಿಯಬೇಕು. ಎದುರಾಳಿಗೆ ಅವನು ಒಗಟಾಗಿರಬೇಕು, ನಮಗೆ ಮನುಷ್ಯನಾಗಿರಬೇಕು. ಹಾಗಾಗಿ ಬ್ಯಾಟ್‌ಮನ್ ಚಿತ್ರಗಳು ಸಾಮಾನ್ಯವಾಗಿ ನಟನ ಕಣ್ಣುಗಳನ್ನು ಬಿಟ್ಟುಕೊಟ್ಟು, ಮುಖವಾಡದ ರಂಧ್ರಕ್ಕೂ ಚರ್ಮಕ್ಕೂ ನಡುವಿನ ಅಂತರವನ್ನು ಕಪ್ಪು ಬಣ್ಣದಿಂದ ಮುಚ್ಚುತ್ತವೆ. ಮೈಬಣ್ಣದ ಒಂದು ತೆಳು ಅಂಚು ಅಲ್ಲಿ ಕಂಡರೂ ಸಾಕು, ಬಾವಲಿ ಕಾಣುವುದು ನಿಂತು ಟೋಪಿ ಹಾಕಿಕೊಂಡ ಮನುಷ್ಯ ಕಾಣತೊಡಗುತ್ತಾನೆ. ಬಹುಕಾಲ ಈ ಬಣ್ಣವನ್ನು ಚಿತ್ರಗಳು ಗುಟ್ಟಾಗಿಯೇ ಇಟ್ಟಿದ್ದವು. 2022ರ ಚಿತ್ರದಲ್ಲಿ ರಾಬರ್ಟ್ ಪ್ಯಾಟಿನ್‌ಸನ್ ಮುಖವಾಡ ಕಳಚಿದ ಮೇಲೂ ಕಣ್ಣಿನ ಸುತ್ತ ಕಾಡಿಗೆ ಕದಡಿದಂತೆ ಅದು ಉಳಿದಿರುವುದನ್ನು ನೇರವಾಗಿ ತೋರಿಸಲಾಯಿತು.

ವೇಷ: ಮೊದಲು ಹೊರರೇಖೆ, ಆಮೇಲೆ ಬಟ್ಟೆ

ಬೆದರಿಸುವ ವೇಷದ ಮೊದಲ ಪರೀಕ್ಷೆ ಅದರ ಹೊರರೇಖೆ. ಹಿಂದಿನಿಂದ ಬೆಳಕು ಬಿದ್ದು ಒಳವಿವರವೆಲ್ಲ ಕಪ್ಪಾದಾಗಲೂ ಇವನು ಯಾರೆಂದು ಕ್ಷಣದಲ್ಲಿ ಗೊತ್ತಾಗಬೇಕು. ಭುಜಗಳು ಅಗಲ, ಸೊಂಟ ಕಿರಿದು, ತಲೆಯ ಮೇಲೆ ಎರಡು ಚೂಪು ಕಿವಿಗಳು, ನೆಲದವರೆಗೆ ಇಳಿಬಿದ್ದ ಹೊದಿಕೆ. ಅಗಲವಾದ ಭುಜ ಬಲದ ಗುರುತು. ಕಿವಿಗಳು ಎತ್ತರವನ್ನು ಹೆಚ್ಚಿಸುತ್ತವೆ. ಹೊದಿಕೆ ಕೈಗಳನ್ನು ಮುಚ್ಚುತ್ತದೆ, ಮತ್ತು ಕೈ ಕಾಣದ ಮನುಷ್ಯ ಏನು ಹಿಡಿದಿದ್ದಾನೆಂದು ಯಾರಿಗೂ ತಿಳಿಯದು. ಮುಖವಾಡದ ಹುಬ್ಬುಗಳು ಮೂಗಿನತ್ತ ಇಳಿಜಾರಾಗಿರುವುದಕ್ಕೂ ಕಾರಣವಿದೆ: ಕೋಪಗೊಂಡ ಮುಖದಲ್ಲಿ ಹುಬ್ಬುಗಳು ಹಾಗೆಯೇ ಒಳಮುಖವಾಗಿ ಕೆಳಗಿಳಿಯುತ್ತವೆ. ಕೆಳಮುಖವಾದ ಚೂಪು ಕೋನವನ್ನು, ಅದು ಮುಖದ ಭಾಗವಲ್ಲದಿದ್ದರೂ, ಜನ ದುಂಡನೆಯ ಆಕಾರಕ್ಕಿಂತ ಬೇಗ ಅಪಾಯದೊಡನೆ ಜೋಡಿಸುತ್ತಾರೆಂದು ಮನೋವಿಜ್ಞಾನದ ಪ್ರಯೋಗಗಳು ತೋರಿಸಿವೆ.

ಆಮೇಲಿನದು ಬಟ್ಟೆ ಮತ್ತು ಬಣ್ಣ. 1966ರಲ್ಲಿ ಆರಂಭವಾದ ದೂರದರ್ಶನ ಸರಣಿಯಲ್ಲಿ ಆಡಮ್ ವೆಸ್ಟ್ ತೊಟ್ಟದ್ದು ಬೂದು ಮತ್ತು ನೀಲಿ ಬಣ್ಣದ, ಮೈಗಂಟಿದ ಬಟ್ಟೆ. ಹಾಸ್ಯವೇ ಉಸಿರಾಗಿದ್ದ ಆ ಸರಣಿಗೆ ಅದು ಒಪ್ಪುವಂತಿತ್ತು. ಯಾರನ್ನೂ ಹೆದರಿಸುವ ಹೊಣೆ ಅದರ ಮೇಲಿರಲಿಲ್ಲ. 1989ರ ಚಿತ್ರಕ್ಕಾಗಿ ವಸ್ತ್ರವಿನ್ಯಾಸಕ ಬಾಬ್ ರಿಂಗ್‌ವುಡ್ ಸಂಪೂರ್ಣ ಬೇರೆ ದಾರಿ ಹಿಡಿದರು. ಮೈಕಲ್ ಕೀಟನ್ ಎತ್ತರದ, ಹುರಿಗಟ್ಟಿದ ಮೈಯ ನಟನಲ್ಲ. ಆದ್ದರಿಂದ ಸ್ನಾಯುಗಳನ್ನೇ ರಬ್ಬರಿನಲ್ಲಿ ಕೆತ್ತಿ, ಇಡೀ ವೇಷವನ್ನು ಕಪ್ಪಾಗಿಸಲಾಯಿತು. ವೇಷ ದೇಹವನ್ನು ಮುಚ್ಚುವುದರ ಜೊತೆಗೆ ಇನ್ನೊಂದು ದೇಹವನ್ನೇ ಕಟ್ಟಿಕೊಟ್ಟಿತು.

ಆ ವೇಷದಲ್ಲಿ ಒಂದು ದೊಡ್ಡ ಕೊರತೆಯಿತ್ತು: ಮುಖವಾಡ, ಕುತ್ತಿಗೆ, ಭುಜಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ನಟನಿಗೆ ಕತ್ತು ತಿರುಗಿಸಲಾಗುತ್ತಿರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಎದೆಯ ಸಮೇತ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ತೆರೆಯ ಮೇಲೆ ಈ ಕೊರತೆಯೇ ಗುಣವಾಯಿತು. ಚಿಕ್ಕಪುಟ್ಟ ಚಲನೆಗಳೆಲ್ಲ ಅಳಿಸಿಹೋಗಿ, ಅವನು ತಿರುಗುವುದೇ ಒಂದು ಘಟನೆಯಂತೆ ಕಂಡಿತು. ಗಾಬರಿಗೊಂಡವನು ಅತ್ತಿತ್ತ ನೋಡುತ್ತಾನೆ, ಕೈ ಹಿಸುಕಿಕೊಳ್ಳುತ್ತಾನೆ. ಧೈರ್ಯವಿದ್ದವನು ಕದಲದೆ ನಿಲ್ಲುತ್ತಾನೆ. ಕದಲಲಾಗದ ವೇಷ ನಟನಿಗೆ ಆ ನಿಶ್ಚಲತೆಯನ್ನು ಬಲವಂತವಾಗಿಯೇ ಕಲಿಸಿತು. ಆದರೆ ಹೊಡೆದಾಟದಲ್ಲಿ ಅದೇ ಗುಣ ಮತ್ತೆ ಕೊರತೆಯಾಗುತ್ತದೆ. 2008ರ ಚಿತ್ರದಲ್ಲಿ ಕ್ರಿಶ್ಚಿಯನ್ ಬೇಲ್ ತೊಟ್ಟ ಎರಡನೆಯ ವೇಷದಲ್ಲಿ ಮುಖವಾಡವನ್ನು ಕುತ್ತಿಗೆಯಿಂದ ಬೇರ್ಪಡಿಸಿ, ತಲೆ ಸರಾಗವಾಗಿ ತಿರುಗುವಂತೆ ಮಾಡಲಾಯಿತು. ಕತ್ತು ತಿರುಗಬೇಕೆಂಬ ಬೇಡಿಕೆಯನ್ನು ಕಥೆಯ ಒಂದು ಸಂಭಾಷಣೆಯಾಗಿಯೂ ಸೇರಿಸಲಾಯಿತು. ಚುರುಕು ಬಂತು, ಶಿಲೆಯಂಥ ಗಾಂಭೀರ್ಯ ಒಂದಿಷ್ಟು ಕಡಿಮೆಯಾಯಿತು. ಎರಡನ್ನೂ ಪೂರ್ತಿಯಾಗಿ ಪಡೆದ ವೇಷವನ್ನು ನಾನಂತೂ ಇನ್ನೂ ಕಂಡಿಲ್ಲ.

ಕಪ್ಪು ಬಣ್ಣವೂ ಕಾಣುವಷ್ಟು ಸರಳವಲ್ಲ. ಕಪ್ಪು ಬೆಳಕನ್ನು ಹೀರಿಕೊಳ್ಳುತ್ತದೆ. ಕತ್ತಲ ಹಿನ್ನೆಲೆಯ ಮುಂದೆ ಕಪ್ಪು ವೇಷವನ್ನು ನಿಲ್ಲಿಸಿದರೆ ಕಾಣುವುದು ತೇಲುತ್ತಿರುವ ಒಂದು ಗಲ್ಲ ಮಾತ್ರ. ಅದಕ್ಕಾಗಿಯೇ ಛಾಯಾಗ್ರಾಹಕರು ಹಿಂದಿನಿಂದಲೋ ಪಕ್ಕದಿಂದಲೋ ಒಂದು ಬೆಳಕು ಹಾಯಿಸಿ, ಭುಜದ ಮತ್ತು ಕಿವಿಯ ಅಂಚನ್ನು ತೆಳುವಾಗಿ ಬೆಳಗಿಸುತ್ತಾರೆ. ವೇಷಕ್ಕೆ ಹೊಳಪು ಹೆಚ್ಚಿದ್ದರೆ ಆ ಬೆಳಕು ಅಲ್ಲಲ್ಲಿ ಚುಕ್ಕೆಗಳಾಗಿ ಮಿನುಗಿ ಒದ್ದೆ ರಬ್ಬರಿನಂತೆ ಕಾಣುತ್ತದೆ. ಹೊಳಪೇ ಇಲ್ಲದಿದ್ದರೆ ಉಬ್ಬುತಗ್ಗುಗಳು ಮಾಯವಾಗಿ ಚಪ್ಪಟೆಯಾಗುತ್ತದೆ. ಹೀಗೆ ವೇಷದ ಯಶಸ್ಸಿನಲ್ಲಿ ದೀಪ ಇಡುವವರ ಪಾಲು ಹೊಲಿಯುವವರ ಪಾಲಿಗಿಂತ ಕಡಿಮೆಯೇನಲ್ಲ. ಹಗಲು ಬೆಳಕಿನಲ್ಲಿ ತೆಗೆದ ಒಂದು ಫೋಟೋ ನೋಡಿ ವೇಷ ಚೆನ್ನಾಗಿಲ್ಲವೆಂದು ತೀರ್ಮಾನಿಸುವುದು ತಪ್ಪಾಗುವುದು ಈ ಕಾರಣಕ್ಕೇ.

ದನಿ ದೊಡ್ಡದಾಗುವುದು ಎಲ್ಲಿ?

ಈಗ ದನಿಗೆ ಬರೋಣ. ಮಾತಿನ ದನಿ ಹುಟ್ಟುವುದು ಎರಡು ಹಂತಗಳಲ್ಲಿ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಧ್ವನಿತಂತುಗಳು ಶ್ವಾಸಕೋಶದಿಂದ ಬರುವ ಗಾಳಿಗೆ ಕಂಪಿಸುತ್ತವೆ. ವಯಸ್ಕ ಗಂಡಸರಲ್ಲಿ ಈ ಕಂಪನ ಸೆಕೆಂಡಿಗೆ ಸರಾಸರಿ 100ರಿಂದ 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ. ಇದನ್ನೇ ನಾವು ದನಿಯ ಸ್ಥಾಯಿ ಎನ್ನುತ್ತೇವೆ. ಆಮೇಲೆ ಆ ಕಂಪನ ಗಂಟಲು ಮತ್ತು ಬಾಯಿಯ ಕೊಳವೆಯ ಮೂಲಕ ಹಾದುಬರುವಾಗ ಅದರ ಕೆಲವು ಭಾಗಗಳು ಬಲಗೊಂಡು ದನಿಗೆ ಬಣ್ಣ ಬರುತ್ತದೆ. ಗಂಡಸರಲ್ಲಿ ಈ ಕೊಳವೆಯ ಉದ್ದ ಸುಮಾರು 17 ಸೆಂಟಿಮೀಟರ್. ನಲ್ಲಿಯ ಕೆಳಗಿಟ್ಟ ಪಾತ್ರೆಯ ಸದ್ದನ್ನು ನೆನಪಿಸಿಕೊಳ್ಳಿ: ನೀರು ತುಂಬುತ್ತ ಒಳಗಿನ ಗಾಳಿಯ ಜಾಗ ಕಿರಿದಾದಂತೆ ಸದ್ದು ಏರುತ್ತದೆ. ಪಾತ್ರೆ ತುಂಬಿತೆಂದು ನೋಡದೆಯೇ ಹೇಳಬಲ್ಲ ನಮ್ಮ ಕಿವಿ, ಎದುರಿನ ದೇಹ ಎಷ್ಟು ದೊಡ್ಡದೆಂಬುದನ್ನೂ ದನಿಯಿಂದಲೇ ಅಳೆಯಲು ಹೊರಡುತ್ತದೆ.

ಈ ಅಳತೆ ಮನುಷ್ಯರಿಗಷ್ಟೇ ಸೀಮಿತವಲ್ಲ. ಹಕ್ಕಿಗಳೂ ಸಸ್ತನಿಗಳೂ ಎದುರಾಳಿಯನ್ನು ಬೆದರಿಸುವಾಗ ತಗ್ಗಿದ, ಒರಟಾದ ಸದ್ದು ಮಾಡುತ್ತವೆ, ಹೆದರಿದಾಗ ಅಥವಾ ಶರಣಾದಾಗ ಏರಿದ, ನಯವಾದ ಸದ್ದು ಮಾಡುತ್ತವೆ ಎಂಬುದನ್ನು ಅಮೆರಿಕದ ಪ್ರಾಣಿವಿಜ್ಞಾನಿ ಯೂಜೀನ್ ಮಾರ್ಟನ್ 1977ರಲ್ಲಿ ಒಂದು ನಿಯಮದಂತೆ ವಿವರಿಸಿದರು. ಕೆಂಪು ಜಿಂಕೆಯ ಗಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅಬ್ಬರಿಸುವಾಗ ತನ್ನ ಧ್ವನಿಪೆಟ್ಟಿಗೆಯನ್ನು ಎದೆಯೆಲುಬಿನತ್ತ ಕೆಳಗೆಳೆದು, ಕೊಳವೆಯನ್ನು ಉದ್ದವಾಗಿಸಿಕೊಂಡು, ಇರುವುದಕ್ಕಿಂತ ದೊಡ್ಡ ಪ್ರಾಣಿಯಂತೆ ಕೇಳಿಸುತ್ತದೆ. ಮುಖವಾಡದ ನಟ ಗಂಟಲನ್ನು ಇಳಿಸಿ ಮಾತನಾಡುವಾಗ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ರಬ್ಬರಿನ ಭುಜಗಳು ಕಣ್ಣಿಗೆ ಮಾಡುವುದನ್ನು ಇಳಿಸಿದ ಗಂಟಲು ಕಿವಿಗೆ ಮಾಡುತ್ತದೆ.

ಇನ್ನೊಂದು ಅಂಶ ಒರಟುತನ. ದನಿಯ ಬಲ ಸೆಕೆಂಡಿಗೆ 30ರಿಂದ 150 ಬಾರಿ ಏರಿಳಿದರೆ ಕಿವಿಗೆ ಅದು ಗರಗರ ಎನ್ನುತ್ತದೆ. ಚೀರಾಟದಲ್ಲಿಯೂ ಅಪಾಯಸೂಚಕ ಗಂಟೆಗಳಲ್ಲಿಯೂ ಇದೇ ಗುಣವಿದೆಯೆಂದು 2015ರ ಒಂದು ಅಧ್ಯಯನ ಗುರುತಿಸಿತು. ಗುರುಗುಟ್ಟುವ ದನಿ ಕೇಳಿದಾಗ ಮೈ ಬಿಗಿಯುವುದು ಇದರಿಂದಲೇ.

ಗುರುಗುಟ್ಟಿದರೆ ಸಾಲದು ಏಕೆ?

ಹಾಗಾದರೆ ದನಿಯನ್ನು ಆದಷ್ಟು ಇಳಿಸಿ, ಆದಷ್ಟು ಒರಟಾಗಿಸಿದರೆ ಕೆಲಸ ಮುಗಿಯಿತೇ? ಬಹಳಷ್ಟು ಮುಖವಾಡದ ಪಾತ್ರಗಳು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮಾತು ಅರ್ಥವಾಗುವುದು ಬಹುಮಟ್ಟಿಗೆ ವ್ಯಂಜನಗಳಿಂದ. ಸ, ಶ, ತ, ಕ, ಪ ಮುಂತಾದ ಸದ್ದುಗಳ ಗುರುತು ಇರುವುದು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 2,000 ಕಂಪನಗಳಿಗಿಂತ, ಮೇಲಿನ ಪ್ರದೇಶದಲ್ಲಿ. ಸ್ವರಗಳು ದನಿಗೆ ಮೈ ಕೊಡುತ್ತವೆ, ವ್ಯಂಜನಗಳು ಅದಕ್ಕೆ ಅಂಚು ಕೊಡುತ್ತವೆ. ಮುಚ್ಚಿದ ಬಾಗಿಲಿನಾಚೆ ಯಾರೋ ಮಾತನಾಡುವಾಗ ದನಿ ಯಾರದೆಂದು ತಿಳಿದರೂ ಏನು ಹೇಳಿದರೆಂದು ತಿಳಿಯದಿರುವುದು, ಬಾಗಿಲು ಈ ಮೇಲಿನ ಸದ್ದುಗಳನ್ನು ತಡೆಹಿಡಿಯುವುದರಿಂದ. ಬಾಯಿಯ ಮೇಲಿನ ಮುಖವಾಡವೂ ಹಾಗೆಯೇ ತಡೆಯುತ್ತದೆ. ಗಂಟಲನ್ನು ಬಿಗಿಹಿಡಿದು ಗುರುಗುಟ್ಟಿದಾಗ ಎದ್ದ ಗರಗರ ಸದ್ದು ಉಳಿದ ಸೂಕ್ಷ್ಮಗಳನ್ನೂ ನುಂಗುತ್ತದೆ. 2012ರ ಬ್ಯಾಟ್‌ಮನ್ ಚಿತ್ರದ ಖಳ ಬೇನ್‌ನ ಬಾಯಿ ಪೂರ್ತಿ ಮುಚ್ಚಿರುತ್ತದೆ. ಬಿಡುಗಡೆಗೆ ತಿಂಗಳುಗಳ ಮುಂಚೆ, 2011ರ ಡಿಸೆಂಬರ್‌ನಲ್ಲಿ, ಅದರ ಆರಂಭದ ದೃಶ್ಯವನ್ನು ಐಮ್ಯಾಕ್ಸ್ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಅವನ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ವ್ಯಾಪಕವಾಗಿ ಕೇಳಿಬಂತು. ಬಿಡುಗಡೆಯಾದ ಚಿತ್ರದಲ್ಲಿ ಆ ದನಿ ಉಳಿದೆಲ್ಲ ಸದ್ದಿಗಿಂತ ಮುಂದೆ ಬಂದು ನಿಂತಂತೆ ಕೇಳಿಸುತ್ತದೆ. ಬೆದರಿಸುವ ಮಾತು ಅರ್ಥವಾಗದಿದ್ದರೆ ಪ್ರೇಕ್ಷಕ ಹೆದರುವುದಿಲ್ಲ. ಪಕ್ಕದವರತ್ತ ತಿರುಗಿ ಏನೆಂದನೆಂದು ಕೇಳುತ್ತಾನೆ.

ಎರಡನೆಯ ತೊಡಕು ಮಾತಿನ ಉದ್ದದ್ದು. ಗುರುಗುಟ್ಟುವಿಕೆ ಎರಡು ಮೂರು ಪದಗಳಿಗೆ ಹೇಳಿಮಾಡಿಸಿದ್ದು. ಕಟ್ಟಡದ ಅಂಚಿನಿಂದ ಒಬ್ಬನನ್ನು ತಲೆಕೆಳಗಾಗಿ ಹಿಡಿದು ಒಂದು ಆಣೆ ಮಾಡಿಸುವಾಗ ಬೇಲ್‌ನ ದನಿ ಹಿಡಿದಲ್ಲೇ ಹಿಡಿಯುತ್ತದೆ. ಅದೇ ದನಿಯಲ್ಲಿ ನ್ಯಾಯ, ತ್ಯಾಗ, ನಗರದ ಭವಿಷ್ಯ ಎಂದು ನಾಲ್ಕಾರು ವಾಕ್ಯಗಳ ವಾದ ಮಂಡಿಸಿದಾಗ ಕಿವಿ ದನಿಯ ಶ್ರಮವನ್ನೇ ಗಮನಿಸತೊಡಗುತ್ತದೆ. ಶ್ರಮ ಕಂಡೊಡನೆ ಬಲದ ಭ್ರಮೆ ಕರಗುತ್ತದೆ, ಏಕೆಂದರೆ ನಿಜವಾಗಿ ಬಲಶಾಲಿಯಾದವನು ದನಿಗಾಗಿ ಕಷ್ಟಪಡುವುದಿಲ್ಲ. ಜೊತೆಗೆ, ಮೊದಲ ಮಾತಿನಲ್ಲೇ ಕೊನೆಯ ಮೆಟ್ಟಿಲು ಹತ್ತಿದ ದನಿಗೆ ನಿಜವಾದ ಕೋಪ ಬಂದಾಗ ಏರಲು ಜಾಗವೇ ಉಳಿದಿರುವುದಿಲ್ಲ.

1992ರಲ್ಲಿ ಆರಂಭವಾದ ಅನಿಮೇಷನ್ ಸರಣಿಯಲ್ಲಿ ಕೆವಿನ್ ಕಾನ್‌ರಾಯ್ ಹಿಡಿದ ದಾರಿ ಈ ತೊಡಕನ್ನು ಬಿಡಿಸುತ್ತದೆ. ಮುಖವಾಡವಿಲ್ಲದಾಗ ಬ್ಯಾಟ್‌ಮನ್ ಆಗಿರುವ ಸಿರಿವಂತ ಬ್ರೂಸ್ ವೇಯ್ನ್‌ಗೆ ಹಗುರವಾದ, ಸಲೀಸಾದ ದನಿ. ಬ್ಯಾಟ್‌ಮನ್‌ಗೆ ಮಂದ್ರದಲ್ಲಿ ನಿಂತ, ಅವಸರವಿಲ್ಲದ, ಸ್ಪಷ್ಟವಾದ ದನಿ. ಎರಡರ ನಡುವಿನ ಅಂತರದಿಂದಲೇ ಎರಡನೆಯದಕ್ಕೆ ತೂಕ ಬರುತ್ತದೆ. ಪ್ಯಾಟಿನ್‌ಸನ್ ಹಿಡಿದದ್ದು ಪಿಸುಮಾತಿಗೆ ಹತ್ತಿರವಾದ ದನಿ. ಮೆಲುದನಿ ಹೇಗೆ ಬೆದರಿಸುತ್ತದೆಂದು ಆಶ್ಚರ್ಯವಾಗಬಹುದು. ಕೂಗುವವನು ತನ್ನ ಮಾತು ತಲುಪಲಿಕ್ಕಿಲ್ಲ ಎಂಬ ಅನುಮಾನದಲ್ಲಿ ಕೂಗುತ್ತಾನೆ. ಮೆಲ್ಲಗೆ ಮಾತನಾಡುವವನ ಮಾತು ಕೇಳಲು ಉಳಿದವರು ಸದ್ದಡಗಿ ಮುಂದಕ್ಕೆ ಬಾಗಬೇಕಾಗುತ್ತದೆ. ಕೋಣೆಯ ಹಿಡಿತ ಆಗಲೇ ಅವನ ಕೈಗೆ ಹೋಗಿರುತ್ತದೆ.

ಚಿತ್ರೀಕರಣ ಮುಗಿದ ಮೇಲೆ

ನಾವು ಕೇಳುವ ದನಿ ಚಿತ್ರೀಕರಣದ ಸ್ಥಳದಲ್ಲಿ ನಟ ಆಡಿದ ದನಿಯೇ ಆಗಿರಬೇಕೆಂದಿಲ್ಲ. ಮುಖವಾಡದೊಳಗೆ ಉಸಿರು, ರಬ್ಬರಿನ ಕೀರಲು, ಬಟ್ಟೆಯ ಸರಸರ ಎಲ್ಲವೂ ಬೆರೆಯುವುದರಿಂದ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಆಡಿಸುವುದು ಸಾಮಾನ್ಯ. ಅಲ್ಲಿ ಮೈಕಿಗೆ ತೀರ ಹತ್ತಿರ ಬಂದು ಮೆಲ್ಲಗೆ ಮಾತನಾಡಿದರೆ, ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕುಗಳು ತಗ್ಗಿನ ಭಾಗವನ್ನು ಸಹಜವಾಗಿಯೇ ಉಬ್ಬಿಸುತ್ತವೆ. ಗಂಟಲಿಗೆ ಹಿಂಸೆಯಿಲ್ಲದೆ ದನಿಗೆ ಎದೆ ಬರುತ್ತದೆ. ಯಂತ್ರದಿಂದ ಸ್ಥಾಯಿಯನ್ನು ಇನ್ನಷ್ಟು ಇಳಿಸಲೂಬಹುದು. ಅತಿಯಾದರೆ ಮಾತ್ರ ದನಿ ಮನುಷ್ಯನ ಬಾಯಿಯಿಂದ ಕಳಚಿಕೊಂಡು ಎಲ್ಲೋ ತೇಲುತ್ತದೆ. 2016ರಲ್ಲಿ ಬೆನ್ ಅಫ್ಲೆಕ್ ನಟಿಸಿದಾಗ ಈ ಯಂತ್ರವನ್ನು ಕಥೆಯೊಳಕ್ಕೇ ತಂದು, ವೇಷದಲ್ಲಿಯೇ ದನಿ ಬದಲಿಸುವ ಸಾಧನವಿದೆಯೆಂದು ತೋರಿಸಲಾಯಿತು. ನಟನ ಗಂಟಲೂ ಉಳಿಯಿತು, ದನಿ ಏಕೆ ಹಾಗಿದೆ ಎಂಬುದಕ್ಕೆ ಉತ್ತರವೂ ಸಿಕ್ಕಿತು.

ದನಿಯನ್ನೂ ದೇಹವನ್ನೂ ಬೇರೆ ಬೇರೆ ಕಡೆಯಿಂದ ತಂದು ಒಂದಾಗಿಸಿದ ಅತ್ಯಂತ ಪ್ರಸಿದ್ಧ ಉದಾಹರಣೆ ಒಬ್ಬ ಖಳನದು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಖಳ ಡಾರ್ತ್ ವೇಡರ್‌ನ ಕಪ್ಪು ಕವಚದೊಳಗಿದ್ದವರು ಎತ್ತರದ ನಟ ಡೇವಿಡ್ ಪ್ರೌಸ್. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಉಸಿರಾಟ ಧ್ವನಿವಿನ್ಯಾಸಕ ಬೆನ್ ಬರ್ಟ್ ನೀರಡಿಯ ಈಜುಗಾರರ ಉಸಿರಾಟದ ಸಾಧನದಿಂದ ಹಿಡಿದು ತಂದದ್ದು. ಮೂರು ಕಡೆಯ ಸದ್ದೂ ರೂಪವೂ ಒಬ್ಬನೇ ವ್ಯಕ್ತಿಯಾಗಿ ತೋರುವುದರಲ್ಲಿ ಆ ಉಸಿರಿನ ಪಾಲು ದೊಡ್ಡದು. ಈ ಕವಚದೊಳಗೆ ಏನೋ ಬದುಕಿದೆ, ಅದರ ಎದೆ ಇಷ್ಟು ದೊಡ್ಡದಿದೆ, ಅದು ಈ ಲೋಹದ ಬಾಯಿಯಿಂದಲೇ ಉಸಿರಾಡುತ್ತಿದೆ ಎಂದು ಮಾತು ಹೊರಡುವ ಮೊದಲೇ ಕಿವಿ ನಂಬಿರುತ್ತದೆ.

ಎರಡೂ ಒಂದಾಗುವ ಜಾಗ

ಇಷ್ಟನ್ನೂ ನೋಡಿದ ಮೇಲೆ ಒಂದು ಮಾತು ತಿಳಿಯಾಗುತ್ತದೆ. ದನಿ ಆ ವೇಷದೊಳಗಿನಿಂದಲೇ ಬಂದಂತೆ ಕೇಳಿಸಬೇಕು, ಮತ್ತು ವೇಷ ಎಷ್ಟು ಕೆಲಸ ಮಾಡಿದೆಯೋ ಅಷ್ಟನ್ನು ದನಿ ಬಿಟ್ಟುಕೊಡಬೇಕು. ಕೊಂಬಿನಂಥ ಕಿವಿ, ಕವಚದಂಥ ಎದೆ, ಕಾಣದ ಕೈಗಳು ಆಗಲೇ ಒಬ್ಬನನ್ನು ಗೋಡೆಗೆ ಒತ್ತಿ ನಿಲ್ಲಿಸಿರುವಾಗ ದನಿಯೂ ಗರ್ಜಿಸಿದರೆ ಎರಡೂ ಒಂದೇ ಮಾತನ್ನು ಹೇಳಿದಂತಾಗುತ್ತದೆ. ಬಟ್ಟೆ ಸರಳವಾಗಿದ್ದಲ್ಲಿ, ಮುಖವಾಡ ತೆಳುವಾಗಿದ್ದಲ್ಲಿ ದನಿ ಹೆಚ್ಚು ಹೊರಬೇಕಾಗುತ್ತದೆ.

ದೃಶ್ಯದಲ್ಲಿ ಉಳಿದವರ ಪಾಲೂ ಇದೆ. ಎದುರಿನ ಪಾತ್ರಧಾರಿ ಒಂದು ಹೆಜ್ಜೆ ಹಿಂದೆ ಸರಿದರೆ, ನಡುವೆ ಮಾತು ನಿಲ್ಲಿಸಿದರೆ, ಆ ಹೆದರಿಕೆಯನ್ನು ನಾವು ಅವನ ಮುಖದಿಂದಲೇ ಪಡೆಯುತ್ತೇವೆ. ಮುಖವಾಡಕ್ಕಿಲ್ಲದ ಮುಖಭಾವವನ್ನು ಅವನು ತುಂಬಿಕೊಡುತ್ತಾನೆ. 2022ರ ಚಿತ್ರದ ಆರಂಭದಲ್ಲಿ ರೈಲು ನಿಲ್ದಾಣದ ಕತ್ತಲಿನೊಳಗಿಂದ ಮೊದಲು ಬರುವುದು ಬೂಟಿನ ಸದ್ದು. ಭಾರವಾದ, ಒಂದರ ಹಿಂದೊಂದು ಸಮನಾಗಿ ಬೀಳುವ ಹೆಜ್ಜೆಗಳು. ಪುಂಡರ ಗುಂಪು ಕತ್ತಲತ್ತ ತಿರುಗಿ ನೋಡುತ್ತದೆ. ವೇಷ ಇನ್ನೂ ಕಂಡಿಲ್ಲ, ಬಾಯಿಂದ ಒಂದು ಪದವೂ ಹೊರಟಿಲ್ಲ. ಆ ದೇಹದ ತೂಕವೆಷ್ಟು, ಅದಕ್ಕೆ ಅವಸರವಿದೆಯೇ ಎಂಬೆರಡು ಪ್ರಶ್ನೆಗಳಿಗೆ ಹೆಜ್ಜೆಗಳು ಆಗಲೇ ಉತ್ತರ ಕೊಟ್ಟಿರುತ್ತವೆ.

ಮುಂದಿನ ಸಲ ಇಂಥ ದೃಶ್ಯವೊಂದು ಸಿಕ್ಕಾಗ ಅದನ್ನು ಮನೆಯಲ್ಲಿ ಎರಡು ಬಾರಿ ನೋಡಬಹುದು. ಒಮ್ಮೆ ಸದ್ದನ್ನು ಪೂರ್ತಿ ಅಡಗಿಸಿ ವೇಷವನ್ನಷ್ಟೇ ನೋಡಿ. ಇನ್ನೊಮ್ಮೆ ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿ. ಕಣ್ಣು ಮುಚ್ಚಿದಾಗ ಮನಸ್ಸಿನಲ್ಲಿ ಮೂಡುವ ದೇಹವೂ ತೆರೆಯ ಮೇಲೆ ಕಂಡ ದೇಹವೂ ಒಂದೇ ಅಳತೆಯದಾಗಿದ್ದರೆ ಆ ದನಿಯೂ ಆ ವೇಷವೂ ಒಬ್ಬನವೇ.